ಟ್ಯೂಬ್‌ಲೈಟ್

ಗಾಜಿನ ಕೊಳವೆಯಲ್ಲಿ ಕಡಿಮೆ ಒತ್ತಡದಲ್ಲಿರುವ ಪಾದರಸದ ಆವಿಯ ಮೂಲಕ ವಿದ್ಯುತ್ ಹರಿಸಿ, ಅದರಿಂದ ಹುಟ್ಟುವ ಅತಿನೇರಳೆ ಕಿರಣಗಳನ್ನು ಕೊಳವೆಯ ಒಳಮೈಗೆ ಬಳಿದ ಪುಡಿಯ ನೆರವಿನಿಂದ ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುವ ದೀಪ. ಶಾಸ್ತ್ರದ ಪರಿಭಾಷೆಯಲ್ಲಿ ಪ್ರತಿದೀಪ್ತಿ ದೀಪ. ಬಳಕೆಯಲ್ಲಿ ಟ್ಯೂಬ್‌ಲೈಟ್ ಅಥವಾ ಬರೀ ಟ್ಯೂಬ್. 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈ ದೀಪ ಮುಂದಿನ ಏಳೆಂಟು ದಶಕಗಳ ಕಾಲ ಜಗತ್ತಿನ ಶಾಲೆ, ಕಚೇರಿ, ಆಸ್ಪತ್ರೆ, ಕಾರ್ಖಾನೆಗಳನ್ನು ಬೆಳಗಿತು. ನಮ್ಮಲ್ಲಿ ನಡುಮನೆಯ ಗೋಡೆಯಿಂದ ಮದುವೆ ಛತ್ರದ ಚಾವಣಿಯವರೆಗೆ, ಜಾತ್ರೆಯ ಅಂಗಡಿ ಸಾಲಿನಿಂದ ರೈಲ್ವೆ ನಿಲ್ದಾಣದವರೆಗೆ ಅದೇ ಇತ್ತು.

ಈ ದೀಪದ ಒಂದೊಂದು ಭಾಗವೂ ಇನ್ನೊಂದರ ಕೊರತೆ ತುಂಬಲು ಬಂದದ್ದು. ಪಾದರಸ ಕೊಡುವ ಮುಖ್ಯ ಕಿರಣ ಕಣ್ಣಿಗೆ ಕಾಣದು, ಅದಕ್ಕಾಗಿ ಪುಡಿ. ಪಾದರಸದ ಆವಿ ತಾನಾಗಿ ಹೊತ್ತಿಕೊಳ್ಳದು, ಅದಕ್ಕಾಗಿ ಸ್ಟಾರ್ಟರ್. ಹೊತ್ತಿಕೊಂಡ ಮೇಲೆ ಹತೋಟಿಗೆ ಸಿಗದು, ಅದಕ್ಕಾಗಿ ಚೋಕ್. ಇಡೀ ದೀಪವೇ ಪಾದರಸದ ಸುತ್ತ ಕಟ್ಟಿದ ಏರ್ಪಾಡು. ಅದರ ಜಾಣ್ಮೆಯೆಲ್ಲ ಇರುವುದು ಈ ಏರ್ಪಾಡಿನಲ್ಲಿ. ಇಂದು ಅದು ಬಳಕೆಯಿಂದ ಮರೆಯಾಗುತ್ತಿರುವುದಕ್ಕೆ ಒಂದು ಮುಖ್ಯ ಕಾರಣವೂ ಆ ಪಾದರಸವೇ.

ಕೊಳವೆಯ ಒಳಗೆ

ಸಾಮಾನ್ಯ ಟ್ಯೂಬಿನ ಉದ್ದ ಸುಮಾರು 1.2 ಮೀಟರ್, ಅಂದರೆ ನಾಲ್ಕು ಅಡಿ. ತಯಾರಿಸುವಾಗ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಒಂದಿಷ್ಟು ಆರ್ಗಾನ್ ಅನಿಲ ತುಂಬುತ್ತಾರೆ. ಅದರ ಒತ್ತಡ ಹೊರಗಿನ ವಾತಾವರಣದ ಒತ್ತಡದ ಸುಮಾರು ಮುನ್ನೂರರಲ್ಲಿ ಒಂದು ಪಾಲು. ಜೊತೆಗೆ ಕೆಲವೇ ಮಿಲಿಗ್ರಾಂ ಪಾದರಸ. ಎರಡೂ ತುದಿಗಳಲ್ಲಿ ಟಂಗ್‌ಸ್ಟನ್ ತಂತಿಯ ಚಿಕ್ಕ ಸುರುಳಿಗಳಿದ್ದು, ಅವುಗಳಿಗೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂಗಳ ಆಕ್ಸೈಡ್ ಬಳಿದಿರುತ್ತದೆ. ಬಿಸಿಯಾದಾಗ ಈ ಲೇಪದಿಂದ ಎಲೆಕ್ಟ್ರಾನ್‌ಗಳು ಸುಲಭವಾಗಿ ಹೊರಬೀಳುತ್ತವೆ. ಮನೆಗೆ ಬರುವುದು ಎಸಿ ವಿದ್ಯುತ್ತಾದ್ದರಿಂದ ಎಲೆಕ್ಟ್ರಾನ್ ಕೊಡುವ ಸರದಿ ಒಮ್ಮೆ ಈ ತುದಿಯದು, ಒಮ್ಮೆ ಆ ತುದಿಯದು.

ತುದಿಯಿಂದ ಹೊರಟ ಎಲೆಕ್ಟ್ರಾನ್ ಕೊಳವೆಯುದ್ದಕ್ಕೂ ಓಡುವಾಗ ದಾರಿಯಲ್ಲಿ ಸಿಕ್ಕ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಕೊಳವೆಯಲ್ಲಿ ಆರ್ಗಾನ್ ಪರಮಾಣುಗಳು ಪಾದರಸದವುಗಳಿಗಿಂತ ನೂರಾರು ಪಟ್ಟು ಹೆಚ್ಚು. ಆದರೂ ಹೊರಬರುವ ಬೆಳಕು ಬಹುಮಟ್ಟಿಗೆ ಪಾದರಸದ್ದೇ. ಆರ್ಗಾನ್ ಪರಮಾಣುವನ್ನು ಉದ್ರೇಕಿಸಲು 11.5 ಎಲೆಕ್ಟ್ರಾನ್-ವೋಲ್ಟಿಗೂ ಹೆಚ್ಚು ಶಕ್ತಿ ಬೇಕು. ಪಾದರಸಕ್ಕೆ 4.9 ಎಲೆಕ್ಟ್ರಾನ್-ವೋಲ್ಟ್ ಸಾಕು. ಆರ್ಗಾನ್‌ಗೆ ಡಿಕ್ಕಿ ಹೊಡೆದ ಎಲೆಕ್ಟ್ರಾನ್ ದಿಕ್ಕು ಬದಲಿಸಿ ಮುಂದೆ ಹೋಗುತ್ತದೆ. ಪಾದರಸಕ್ಕೆ ಹೊಡೆದದ್ದು ತನ್ನ ಶಕ್ತಿಯನ್ನು ಅಲ್ಲಿ ಬಿಟ್ಟು ಹೋಗುತ್ತದೆ.

4.9 ಎಂಬ ಈ ಸಂಖ್ಯೆಗೆ ಭೌತವಿಜ್ಞಾನದಲ್ಲಿ ದೊಡ್ಡ ಸ್ಥಾನವಿದೆ. 1914ರಲ್ಲಿ ಬರ್ಲಿನ್ನಿನಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ತಾವ್ ಹರ್ಟ್ಜ್ ಪಾದರಸದ ಆವಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಹಾಯಿಸಿದಾಗ, ಅವು ಶಕ್ತಿಯನ್ನು ಮನಬಂದಷ್ಟು ಕಳೆದುಕೊಳ್ಳದೆ ಸರಿಯಾಗಿ 4.9 ಎಲೆಕ್ಟ್ರಾನ್-ವೋಲ್ಟಿನ ಕಂತುಗಳಲ್ಲೇ ಕಳೆದುಕೊಳ್ಳುವುದು ಕಂಡಿತು. ಪರಮಾಣುವಿನೊಳಗೆ ಶಕ್ತಿಯ ಮಟ್ಟಗಳು ಮೆಟ್ಟಿಲು ಮೆಟ್ಟಿಲಾಗಿವೆ ಎಂಬ ನೀಲ್ಸ್ ಬೋರ್ ಅವರ ಕಲ್ಪನೆಗೆ ಇದು ನೇರ ಸಾಕ್ಷ್ಯವಾಯಿತು. ಇಬ್ಬರಿಗೂ 1925ರ ನೊಬೆಲ್ ಬಂತು. ಅಂದು ಪ್ರಯೋಗಶಾಲೆಯಲ್ಲಿ ಕಂಡ ಅದೇ ವಿದ್ಯಮಾನ ಪ್ರತಿ ಟ್ಯೂಬಿನೊಳಗೂ ಎಡೆಬಿಡದೆ ನಡೆಯುತ್ತದೆ.

ಹೀಗೆ ಉದ್ರೇಕಗೊಂಡ ಪಾದರಸದ ಪರಮಾಣು ಮರುಕ್ಷಣವೇ ಮೂಲಸ್ಥಿತಿಗೆ ಮರಳುತ್ತ, ಪಡೆದ ಶಕ್ತಿಯನ್ನು 254 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣವಾಗಿ ಹೊರಗೆಡಹುತ್ತದೆ. 185 ನ್ಯಾನೊಮೀಟರಿನ ಇನ್ನೊಂದು ಕಿರಣವೂ ಸ್ವಲ್ಪ ಪ್ರಮಾಣದಲ್ಲಿ ಹೊಮ್ಮುತ್ತದೆ. ನೀಲಿ, ಹಸಿರು ಬಣ್ಣದ ಕಣ್ಣಿಗೆ ಕಾಣುವ ಕಿರಣಗಳೂ ಇವೆ, ಆದರೆ ಅವು ಅತ್ಯಲ್ಪ. ಟ್ಯೂಬಿಗೆ ಕೊಟ್ಟ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚು ಭಾಗ ಅತಿನೇರಳೆಯಾಗಿ ಮಾರ್ಪಡುತ್ತದೆ. ಇಷ್ಟು ದಕ್ಷವಾಗಿ, ಇಷ್ಟು ಕಡಿಮೆ ಉಷ್ಣತೆಯಲ್ಲಿ ಈ ಕೆಲಸ ಮಾಡುವ ಇನ್ನೊಂದು ಅಗ್ಗದ ಧಾತು ಸಿಗಲಿಲ್ಲ. ಪಾದರಸ ಹಾನಿಕರವೆಂದು ಗೊತ್ತಿದ್ದೂ ಅದನ್ನು ಬಿಡಲಾಗದೇ ಹೋದದ್ದು ಇದಕ್ಕಾಗಿ.

ಆರ್ಗಾನ್ ಸುಮ್ಮನೆ ಜಾಗ ತುಂಬಲು ಇಲ್ಲ. ಎಲೆಕ್ಟ್ರಾನ್‌ಗಳು ನೇರವಾಗಿ ಗಾಜಿಗೆ ಹೋಗಿ ಬಡಿಯದಂತೆ ಅದು ತಡೆಯುತ್ತದೆ. ದೀಪ ಹೊತ್ತಿಕೊಳ್ಳುವಾಗ ಇನ್ನೂ ದೊಡ್ಡ ನೆರವು ಅದರಿಂದ ಸಿಗುತ್ತದೆ. ಉದ್ರೇಕಗೊಂಡ ಆರ್ಗಾನ್ ಪರಮಾಣುವಿನಲ್ಲಿ 11.5 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಕೂಡಿರುತ್ತದೆ. ಪಾದರಸದಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಅಯಾನು ಮಾಡಲು 10.4 ಸಾಕು. ಆದ್ದರಿಂದ ಆರ್ಗಾನ್ ತಾಗಿದರೆ ಪಾದರಸ ಅಯಾನಾಗುತ್ತದೆ, ಇನ್ನೊಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ, ವಿದ್ಯುತ್ತಿಗೆ ದಾರಿ ಸುಗಮವಾಗುತ್ತದೆ.

ಕೊಳವೆಯ ಗೋಡೆ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದಾಗ ಪಾದರಸದ ಆವಿಯ ಒತ್ತಡ ಹದವಾಗಿರುತ್ತದೆ. ಆಗಲೂ ಅದು ವಾತಾವರಣದ ಒತ್ತಡದ ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಚಳಿಯಿದ್ದರೆ ಆವಿ ಸಾಲದು, ಸೆಖೆ ಹೆಚ್ಚಾದರೆ ಅತಿಯಾಗುತ್ತದೆ. ಎರಡರಲ್ಲೂ ಬೆಳಕು ಕುಂದುತ್ತದೆ. ಚಳಿಗಾಲದ ನಸುಕಿನಲ್ಲಿ ಹಾಕಿದ ಟ್ಯೂಬ್ ಮೊದಲು ಮಂಕಾಗಿ ಉರಿದು ಆಮೇಲೆ ಕಳೆಕಟ್ಟುವುದು ಇದರಿಂದಲೇ.

254 ನ್ಯಾನೊಮೀಟರಿನ ಕಿರಣ ಸಾಮಾನ್ಯ ಗಾಜನ್ನು ದಾಟಿ ಹೊರಬರದು. ಗಾಜು ತಲುಪುವ ಮೊದಲೇ ಒಳಗಿನ ಬಿಳಿ ಪುಡಿ ಅದನ್ನು ಹೀರಿಕೊಂಡು, ಕಡಿಮೆ ಶಕ್ತಿಯ, ಹೆಚ್ಚು ತರಂಗಾಂತರದ ಬೆಳಕನ್ನು ಹೊರಸೂಸುತ್ತದೆ. 1852ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ ವಿವರಿಸಿದ ಪ್ರತಿದೀಪ್ತಿ ಇದೇ. ಈ ಮಾರ್ಪಾಡಿನಲ್ಲಿ ನಷ್ಟವೂ ದೊಡ್ಡದು. ಅತಿನೇರಳೆಯ ಒಂದು ಕಣದಲ್ಲಿ 4.9 ಎಲೆಕ್ಟ್ರಾನ್-ವೋಲ್ಟ್ ಇದ್ದರೆ ಅದರಿಂದ ಹುಟ್ಟುವ ಹಸಿರು ಬೆಳಕಿನ ಕಣದಲ್ಲಿರುವುದು ಸುಮಾರು 2.3 ಮಾತ್ರ. ಉಳಿದದ್ದು ಶಾಖ. ಕೊನೆಗೆ ಒಟ್ಟು ವಿದ್ಯುತ್ತಿನ ಸುಮಾರು ಕಾಲು ಭಾಗ ಬೆಳಕಾಗಿ ನಮಗೆ ದಕ್ಕುತ್ತದೆ. ತಂತಿ ಕಾಯಿಸಿ ಬೆಳಗುವ ಹಳೆಯ ಬಲ್ಬಿನಲ್ಲಿ ಇದು ಹತ್ತರಲ್ಲಿ ಒಂದು ಪಾಲನ್ನೂ ಮುಟ್ಟುತ್ತಿರಲಿಲ್ಲ.

ಪುಡಿ ಬಳಿಯದೆ, ಅತಿನೇರಳೆಯನ್ನು ಹೊರಬಿಡುವ ವಿಶೇಷ ಗಾಜಿನಲ್ಲಿ ಇದೇ ಟ್ಯೂಬನ್ನು ಮಾಡಿದರೆ ಅದು ರೋಗಾಣುನಾಶಕ ದೀಪ. ಅನೇಕರ ಅಡುಗೆಮನೆಯ ಯುವಿ ನೀರು ಶುದ್ಧೀಕರಣ ಯಂತ್ರದಲ್ಲಿ ಇರುವುದು ಇದೇ. ಅದನ್ನು ಬರಿಗಣ್ಣಿನಿಂದ ನೋಡಬಾರದು.

ಚೋಕ್ ಮತ್ತು ಸ್ಟಾರ್ಟರ್

ತಂತಿಯಲ್ಲಿ ಹೆಚ್ಚು ವಿದ್ಯುತ್ ಹರಿಯಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು. ಹೊತ್ತಿಕೊಂಡ ಟ್ಯೂಬಿನ ಸ್ವಭಾವ ಇದಕ್ಕೆ ತದ್ವಿರುದ್ಧ. ವಿದ್ಯುತ್ ಹೆಚ್ಚಿದಷ್ಟೂ ಒಳಗೆ ಅಯಾನುಗಳು ಹೆಚ್ಚುತ್ತವೆ, ಅಯಾನುಗಳು ಹೆಚ್ಚಿದಷ್ಟೂ ತಡೆ ಕಡಿಮೆಯಾಗುತ್ತದೆ, ತಡೆ ಕಡಿಮೆಯಾದಷ್ಟೂ ಇನ್ನಷ್ಟು ವಿದ್ಯುತ್ ನುಗ್ಗುತ್ತದೆ. ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ಇದು ಓಡುತ್ತಲೇ ಹೋಗಿ ಕ್ಷಣಮಾತ್ರದಲ್ಲಿ ಟ್ಯೂಬ್ ಸುಟ್ಟುಹೋಗುತ್ತದೆ. ಅದನ್ನು ತಡೆದು ಹಿಡಿಯುವುದು ಚೋಕ್: ಕಬ್ಬಿಣದ ತಗಡುಗಳ ತಿರುಳಿಗೆ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿದ, ಕೈಯಲ್ಲಿ ಹಿಡಿದರೆ ತೂಕವೆನಿಸುವ ಡಬ್ಬಿ. ವಿದ್ಯುತ್ ಏರಿಳಿಯುವುದನ್ನು ಸುರುಳಿ ಪ್ರತಿರೋಧಿಸುತ್ತದೆ. ಆ ಜಾಗದಲ್ಲಿ ಬರೀ ರೋಧಕವನ್ನಿಟ್ಟರೂ ಕೆಲಸ ನಡೆದೀತು, ಆದರೆ ಅದು ಅಪಾರ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಸುರುಳಿಯಾದರೆ ಪ್ರತಿ ಆವರ್ತದಲ್ಲೂ ಶಕ್ತಿಯನ್ನು ಕಾಂತಕ್ಷೇತ್ರವಾಗಿ ಕೂಡಿಟ್ಟು ಮರಳಿ ಕೊಡುತ್ತದೆ. 230 ವೋಲ್ಟಿನ ಮನೆಯಲ್ಲಿ ಉರಿಯುತ್ತಿರುವ ನಾಲ್ಕಡಿ ಟ್ಯೂಬಿನ ಎರಡು ತುದಿಗಳ ನಡುವೆ ಸುಮಾರು 100 ವೋಲ್ಟ್ ಮಾತ್ರ ಇರುತ್ತದೆ.

ಚೋಕಿನ ಎರಡನೆಯ ಕೆಲಸ ದೀಪ ಹೊತ್ತಿಸುವುದು. ಇದರಲ್ಲಿ ಅದರ ಜೊತೆಗಾರ ಸ್ಟಾರ್ಟರ್: ಹೆಬ್ಬೆರಳಿನಷ್ಟು ದಪ್ಪದ, ತಿರುಗಿಸಿ ಕೂರಿಸುವ ಬಿಳಿ ಡಬ್ಬಿ. ಅದನ್ನು ಬಿಚ್ಚಿ ನೋಡಿದರೆ ಒಳಗೆ ಒಂದು ಪುಟ್ಟ ಗಾಜಿನ ಬುರುಡೆ, ಪಕ್ಕದಲ್ಲಿ ಒಂದು ಸಣ್ಣ ಕೆಪಾಸಿಟರ್ ಕಾಣುತ್ತವೆ. ಬುರುಡೆಯಲ್ಲಿ ನಿಯಾನ್ ಅಥವಾ ಆರ್ಗಾನ್ ಅನಿಲ ಮತ್ತು ಒಂದಕ್ಕೊಂದು ತಾಗದ ಎರಡು ಕಡ್ಡಿಗಳು. ಅವುಗಳಲ್ಲಿ ಒಂದು ದ್ವಿಲೋಹ ಪಟ್ಟಿ, ಬಿಸಿಯಾದರೆ ಬಾಗುವಂಥದ್ದು.

ಸ್ವಿಚ್ ಹಾಕಿದಾಗ ಟ್ಯೂಬಿನಲ್ಲಿ ವಿದ್ಯುತ್ ಹರಿಯದ ಕಾರಣ ಪೂರ್ತಿ 230 ವೋಲ್ಟ್ ಸ್ಟಾರ್ಟರಿನ ಮೇಲೆ ಬೀಳುತ್ತದೆ. ಬುರುಡೆಯ ಅನಿಲ ಮಿನುಗುತ್ತದೆ. ಆ ಮಿನುಗಿನ ಶಾಖಕ್ಕೆ ಪಟ್ಟಿ ಬಾಗಿ ಇನ್ನೊಂದು ಕಡ್ಡಿಗೆ ತಾಗುತ್ತದೆ. ಈಗ ಚೋಕ್, ಟ್ಯೂಬಿನ ಒಂದು ತುದಿಯ ಸುರುಳಿ, ಸ್ಟಾರ್ಟರ್, ಇನ್ನೊಂದು ತುದಿಯ ಸುರುಳಿ ಎಲ್ಲವೂ ಒಂದೇ ಸಾಲಿನಲ್ಲಿ ಜೋಡಿಕೊಂಡು ವಿದ್ಯುತ್ ಹರಿಯತೊಡಗುತ್ತದೆ. ಟ್ಯೂಬಿನ ತುದಿಗಳು ಕೆಂಪಗೆ ಕಾಯ್ದು ಎಲೆಕ್ಟ್ರಾನ್‌ಗಳನ್ನು ಹೊರಬಿಡುತ್ತವೆ. ಇತ್ತ ಕಡ್ಡಿಗಳು ತಾಗಿದ ಕೂಡಲೇ ಬುರುಡೆಯ ಮಿನುಗು ಆರಿರುತ್ತದೆ. ಪಟ್ಟಿ ತಣಿದು, ನೆಟ್ಟಗಾಗಿ, ಕಡ್ಡಿಯಿಂದ ಬಿಡಿಸಿಕೊಳ್ಳುತ್ತದೆ. ಹರಿಯುತ್ತಿದ್ದ ವಿದ್ಯುತ್ ಒಮ್ಮೆಲೇ ಕಡಿದುಹೋದಾಗ ಚೋಕಿನ ಕಾಂತಕ್ಷೇತ್ರ ಕುಸಿದು ನೂರಾರು ವೋಲ್ಟಿನ ಹೊಡೆತವೊಂದು ಹುಟ್ಟುತ್ತದೆ. ಆ ಹೊಡೆತಕ್ಕೆ ಟ್ಯೂಬ್ ಹೊತ್ತಿಕೊಳ್ಳುತ್ತದೆ. ಉರಿಯುವ ಟ್ಯೂಬಿನ 100 ವೋಲ್ಟ್ ಸ್ಟಾರ್ಟರಿನ ಅನಿಲವನ್ನು ಮತ್ತೆ ಮಿನುಗಿಸಲು ಸಾಲದು, ಹಾಗಾಗಿ ಅದು ಸುಮ್ಮನಾಗುತ್ತದೆ. ದೀಪ ಹತ್ತಿದ ಮೇಲೆ ಸ್ಟಾರ್ಟರನ್ನು ಕಿತ್ತರೂ ಬೆಳಕು ಆರದು.

ಎಸಿ ವಿದ್ಯುತ್ ಪ್ರತಿ ಆವರ್ತದಲ್ಲಿ ಎರಡು ಸಲ ಸೊನ್ನೆಗೆ ಇಳಿಯುತ್ತದೆ. ಕಡ್ಡಿಗಳು ಬಿಡಿಸಿಕೊಂಡ ಗಳಿಗೆಯಲ್ಲಿ ವಿದ್ಯುತ್ ಸೊನ್ನೆಯ ಆಸುಪಾಸಿನಲ್ಲಿದ್ದರೆ ಹೊಡೆತ ದುರ್ಬಲವಾಗಿ ಟ್ಯೂಬ್ ಹೊತ್ತಿಕೊಳ್ಳುವುದಿಲ್ಲ. ಸ್ಟಾರ್ಟರ್ ಮೊದಲಿನಿಂದ ಶುರುಮಾಡುತ್ತದೆ. ಟ್ಯೂಬ್ ಎರಡು ಮೂರು ಸಲ ಮಿಟುಕಿಸಿ ಹತ್ತುವುದಕ್ಕೆ ಇದೇ ಕಾರಣ. ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಕುಸಿದಾಗ ಟ್ಯೂಬ್ ಹತ್ತದೆ ಮಿಟುಕಿಸುತ್ತಲೇ ಇರುತ್ತಿದ್ದುದಕ್ಕೂ ವಿವರಣೆ ಇಲ್ಲಿಯೇ ಇದೆ. ಕಡ್ಡಿಗಳು ಕೂಡಿ ಬಿಡುವಾಗ ಏಳುವ ಕಿಡಿ ರೇಡಿಯೋದಲ್ಲಿ ಕರಕರ ಸದ್ದು ಎಬ್ಬಿಸದಂತೆ ತಡೆಯುವುದು ಸ್ಟಾರ್ಟರಿನೊಳಗಿನ ಕೆಪಾಸಿಟರಿನ ಕೆಲಸ.

ಈ ಜೋಡಿಯ ಸರಳತೆ ಮೆಚ್ಚುವಂಥದ್ದು. ಒಂದು ಸುರುಳಿ, ಒಂದು ಬಾಗುವ ಪಟ್ಟಿ, ಇಷ್ಟರಲ್ಲೇ ಕಾಯಿಸುವುದು, ಕಾಯುವುದು, ಹೊತ್ತಿಸುವುದು, ಹತೋಟಿಯಲ್ಲಿಡುವುದು ಎಲ್ಲವೂ ಮುಗಿಯುತ್ತವೆ. ಕೆಟ್ಟ ಭಾಗವನ್ನಷ್ಟೇ ಬದಲಿಸಿ ದೀಪವನ್ನು ಮತ್ತೆ ಉರಿಸಬಹುದು. ಸ್ಟಾರ್ಟರ್ ಬದಲಿಸುವುದಂತೂ ಮನೆಯ ಮಕ್ಕಳಿಗೂ ಬರುತ್ತಿದ್ದ ಕೆಲಸ.

ದೋಷಗಳೂ ಇದ್ದವು. ತಾಮ್ರದ ಚೋಕ್ ತಾನೇ ಹತ್ತು ಹನ್ನೆರಡು ವಾಟ್ ತಿನ್ನುತ್ತಿತ್ತು. ತಗಡುಗಳ ಕಂಪನದಿಂದ ಗುಂಯ್‌ಗುಡುತ್ತಿತ್ತು. ಪವರ್ ಫ್ಯಾಕ್ಟರನ್ನು, ಅಂದರೆ ಹರಿಯುವ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು, ಅರ್ಧಕ್ಕೆ ಇಳಿಸುತ್ತಿತ್ತು. ದೀಪ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತ ಉರಿಯುತ್ತಿದ್ದುದರಿಂದ, ಆ ಬೆಳಕಿನಲ್ಲಿ ರಭಸದಿಂದ ತಿರುಗುವ ಲೇತ್ ಯಂತ್ರ ನಿಂತಂತೆ ತೋರಿ ಕೆಲಸಗಾರ ಕೈಯೊಡ್ಡುವ ಅಪಾಯವಿತ್ತು. ಇದನ್ನು ತಪ್ಪಿಸಲು ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳಿಗೆ ಬೇರೆ ಬೇರೆ ಫೇಸ್‌ನಿಂದ ವಿದ್ಯುತ್ ಕೊಡುತ್ತಿದ್ದರು. ಮುಂದೆ ಬಂದ ಎಲೆಕ್ಟ್ರಾನಿಕ್ ಚೋಕ್ ವಿದ್ಯುತ್ತನ್ನು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಆವರ್ತಗಳಿಗೆ ಏರಿಸಿ ಈ ತೊಂದರೆಗಳನ್ನೆಲ್ಲ ನಿವಾರಿಸಿತು. ಸ್ಟಾರ್ಟರೂ ಬೇಡವಾಯಿತು.

ಪುಡಿಯ ಕಥೆ

ಬೆಳಕಿನ ಬಣ್ಣ, ಗುಣ ಎಲ್ಲವನ್ನೂ ತೀರ್ಮಾನಿಸುವುದು ಫಾಸ್ಫರ್ ಎಂದು ಕರೆಯುವ ಒಳಲೇಪ. ಮೊದಲ ತಲೆಮಾರಿನ ಟ್ಯೂಬುಗಳಲ್ಲಿ ಜಿಂಕ್ ಬೆರಿಲಿಯಂ ಸಿಲಿಕೇಟ್ ಬಳಸುತ್ತಿದ್ದರು. ಒಳ್ಳೆಯ ಬೆಳಕು ಕೊಡುತ್ತಿದ್ದ ಈ ಪುಡಿ, ಅದನ್ನು ಕೈಯಾರೆ ಬೆರೆಸಿ ಬಳಿಯುತ್ತಿದ್ದವರ ಶ್ವಾಸಕೋಶ ಸೇರಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನ ದೀಪದ ಕಾರ್ಖಾನೆಯಲ್ಲಿ ಕೆಲಸಗಾರರು ಒಬ್ಬರ ಮೇಲೊಬ್ಬರು ಉಸಿರಾಟದ ತೊಂದರೆಯಿಂದ ನರಳತೊಡಗಿದರು, ಹಲವರು ಸತ್ತರು. ಹ್ಯಾರಿಯೆಟ್ ಹಾರ್ಡಿ ಎಂಬ ವೈದ್ಯೆ ಈ ಪ್ರಕರಣಗಳನ್ನು ಬೆನ್ನುಹತ್ತಿ, ಸಹೋದ್ಯೋಗಿಯೊಂದಿಗೆ 1946ರಲ್ಲಿ ವರದಿ ಪ್ರಕಟಿಸಿದರು. ಬೆರಿಲಿಯಂ ದೂಳಿನಿಂದ ಬರುವ ಶ್ವಾಸಕೋಶದ ದೀರ್ಘ ರೋಗ ಅಮೆರಿಕದ ವೈದ್ಯಲೋಕದ ಗಮನಕ್ಕೆ ಬಂದದ್ದು ಹೀಗೆ. 1949ರಲ್ಲಿ ಅಲ್ಲಿನ ದೀಪ ತಯಾರಕರು ಬೆರಿಲಿಯಂ ಪುಡಿಯನ್ನು ಕೈಬಿಟ್ಟರು. ಟ್ಯೂಬ್‌ಲೈಟಿನ ಚರಿತ್ರೆಯಲ್ಲಿ ಆವಿಷ್ಕಾರಕರ ಹೆಸರುಗಳ ಜೊತೆಗೆ ಈ ಕೆಲಸಗಾರರ ಸಂಗತಿಯೂ ಇರಲೇಬೇಕು.

ಬೆರಿಲಿಯಂ ಬಿಡಲು ಸಾಧ್ಯವಾದದ್ದು ಬದಲಿ ಪುಡಿ ಸಿದ್ಧವಿದ್ದುದರಿಂದ. 1942ರಲ್ಲಿ ಬ್ರಿಟನ್ನಿನ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಮೆಕೀಗ್ ಮತ್ತು ರ್‍ಯಾನ್‌ಬಿ ಎಂಬವರು ಕ್ಯಾಲ್ಸಿಯಂ ಹ್ಯಾಲೋಫಾಸ್ಫೇಟ್ ಪುಡಿಯನ್ನು ಕಂಡುಹಿಡಿದಿದ್ದರು. ಇದರಲ್ಲಿ ಬೆರೆಸಿದ ಆಂಟಿಮನಿ ನೀಲಿ ಬೆಳಕನ್ನೂ ಮ್ಯಾಂಗನೀಸ್ ಕಿತ್ತಳೆ ಬೆಳಕನ್ನೂ ಕೊಡುತ್ತವೆ. ಪ್ರಮಾಣ ಹೆಚ್ಚುಕಡಿಮೆ ಮಾಡಿ ಬೇಕಾದ ಬಿಳುಪು ಪಡೆಯಬಹುದು. ಅಗ್ಗ, ನಿರಪಾಯಕಾರಿ. ನಮ್ಮ ಮನೆಗಳಲ್ಲಿ ದಶಕಗಳ ಕಾಲ ಉರಿದ 40 ವಾಟಿನ ದಪ್ಪ ಟ್ಯೂಬಿನಲ್ಲಿ ಇದ್ದದ್ದು ಇದೇ.

ಅದರ ಕುಂದು ಕೆಂಪು ಬಣ್ಣ. ಹ್ಯಾಲೋಫಾಸ್ಫೇಟಿನ ಬೆಳಕಿನಲ್ಲಿ ಅಚ್ಚ ಕೆಂಪು ತೀರಾ ಕಡಿಮೆ. ಮೈಬಣ್ಣ ಬಿಳಿಚಿದಂತೆ, ಮೆರೂನ್ ರೇಷ್ಮೆ ಕಂದಿದಂತೆ ಕಾಣುತ್ತಿತ್ತು. ಸೀರೆ ಅಂಗಡಿಯಲ್ಲಿ ಆರಿಸಿದ ಸೀರೆಯನ್ನು ಹೆಂಗಸರು ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡುತ್ತಿದ್ದುದು ಬರೀ ಅನುಮಾನದ ಸ್ವಭಾವದಿಂದಲ್ಲ. ಅವರ ಪರೀಕ್ಷೆ ವೈಜ್ಞಾನಿಕವಾಗಿ ಸರಿಯಾಗಿತ್ತು.

1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದಿಂದ ತ್ರಿವರ್ಣ ಪುಡಿ ಬಂತು. ಕಣ್ಣಿಗೆ ಬಿಳಿ ಬೆಳಕೆನಿಸಲು ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಬೇಕಿಲ್ಲ, ಸರಿಯಾದ ಜಾಗದ ಮೂರು ಬಣ್ಣಗಳು ಸಾಕು ಎಂಬುದು ಅದರ ಹಿಂದಿನ ತತ್ವ. ಯೂರೋಪಿಯಂ ಬೆರೆಸಿದ ಯಿಟ್ರಿಯಂ ಆಕ್ಸೈಡ್ 611 ನ್ಯಾನೊಮೀಟರಿನ ಕೆಂಪನ್ನು, ಟೆರ್ಬಿಯಂ ಹಸಿರನ್ನು, ಇನ್ನೊಂದು ಯೂರೋಪಿಯಂ ಸಂಯುಕ್ತ ನೀಲಿಯನ್ನು ಕೊಡುತ್ತವೆ. ಇವು ದುಬಾರಿ ವಿರಳ ಧಾತುಗಳು. ಆದರೆ ಕಠಿಣ ಅತಿನೇರಳೆಯನ್ನು ತಾಳಿಕೊಳ್ಳುವುದರಿಂದ ಕೊಳವೆಯನ್ನು ಸಪೂರಗೊಳಿಸಲು ಸಾಧ್ಯವಾಯಿತು. 38 ಮಿಲಿಮೀಟರ್ ವ್ಯಾಸದ 40 ವಾಟ್ ಟ್ಯೂಬಿನ ಜಾಗಕ್ಕೆ 26 ಮಿಲಿಮೀಟರಿನ 36 ವಾಟ್ ಟ್ಯೂಬ್, ಆಮೇಲೆ 16 ಮಿಲಿಮೀಟರಿನ 28 ವಾಟ್ ಟ್ಯೂಬ್ ಬಂದವು. ವಾಟಿಗೆ ಅರವತ್ತು ಚಿಲ್ಲರೆ ಲ್ಯೂಮೆನ್ ಇದ್ದ ಬೆಳಕು ನೂರರ ಹತ್ತಿರಕ್ಕೆ ಏರಿತು. ಸಿಎಫ್ಎಲ್ ಎಂಬ ಮಡಚಿದ ಪುಟ್ಟ ಟ್ಯೂಬ್ ಸಾಧ್ಯವಾದದ್ದೂ ಈ ಪುಡಿಯಿಂದ; ಫಿಲಿಪ್ಸ್ 1980ರಲ್ಲಿ ಬಲ್ಬಿನ ಹೋಲ್ಡರಿಗೇ ಕೂರುವ ಸಿಎಫ್ಎಲ್ ಹೊರತಂದಿತು.

ಹುಟ್ಟಿದ ಬಗೆ

ಟ್ಯೂಬ್‌ಲೈಟಿಗೆ ಒಬ್ಬನೇ ಜನಕನಿಲ್ಲ. ಜರ್ಮನಿಯ ಹೈನ್ರಿಚ್ ಗೈಸ್ಲರ್ 1857ರಲ್ಲಿ ಅನಿಲ ತುಂಬಿ ಬೆಳಗುವ ಗಾಜಿನ ಕೊಳವೆಗಳನ್ನು ಮಾಡಿದ. ಫ್ರಾನ್ಸಿನ ಎಡ್ಮಂಡ್ ಬೆಕರಲ್ ಅಂಥ ಕೊಳವೆಗಳಲ್ಲಿ ಪ್ರತಿದೀಪ್ತಿಯ ಪುಡಿಗಳನ್ನಿಟ್ಟು ಪ್ರಯೋಗಿಸಿದ. 1896ರಲ್ಲಿ ಎಡಿಸನ್ ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಬಳಿದ ದೀಪ ಮಾಡಿದರೂ ಅದು ನಡೆಯುತ್ತಿದ್ದದ್ದು ಎಕ್ಸ್-ಕಿರಣದಿಂದ. ಎಕ್ಸ್-ಕಿರಣಗಳ ಕೆಲಸದಲ್ಲಿದ್ದ ಅವನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ವಿಕಿರಣದ ಗಾಯಗಳಿಂದ 1904ರಲ್ಲಿ ತೀರಿಕೊಂಡ. 1901ರಲ್ಲಿ ಪೀಟರ್ ಕೂಪರ್ ಹೆವಿಟ್ ಪಾದರಸದ ದೀಪಕ್ಕೆ ಪೇಟೆಂಟ್ ಪಡೆದ. ಅದರ ಬೆಳಕು ನೀಲಿಹಸಿರಾಗಿದ್ದು ಮನೆಬಳಕೆಗೆ ಒಗ್ಗಲಿಲ್ಲ.

ಇಂದಿನ ಟ್ಯೂಬಿನ ಕಲ್ಪನೆ ಪೂರ್ಣರೂಪದಲ್ಲಿ ಕಾಣುವುದು 1926ರಲ್ಲಿ ಬರ್ಲಿನ್ನಿನ ಎಡ್ಮಂಡ್ ಗೆರ್ಮರ್ ಮತ್ತು ಇಬ್ಬರು ಸಂಗಡಿಗರು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ. ಅದನ್ನು ಬಳಕೆಗೆ ತಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಕಂಪನಿಯ ಸಲಹೆಗಾರರಾಗಿದ್ದ ಭೌತವಿಜ್ಞಾನಿ ಆರ್ಥರ್ ಕಾಂಪ್ಟನ್ 1934ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ದೀಪದ ಪ್ರಯೋಗ ನೋಡಿ ಬರೆದು ತಿಳಿಸಿದ ಮೇಲೆ, ಓಹಾಯೋದ ನೇಲಾ ಪಾರ್ಕ್ ಪ್ರಯೋಗಾಲಯದಲ್ಲಿ ಜಾರ್ಜ್ ಇನ್‌ಮನ್ ಅವರ ತಂಡ ಕೆಲಸಕ್ಕಿಳಿಯಿತು. 1938ರ ಏಪ್ರಿಲ್‌ನಲ್ಲಿ ದೀಪ ಮಾರುಕಟ್ಟೆಗೆ ಬಂತು. 1939ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಲಕ್ಷಾಂತರ ಜನ ಅದನ್ನು ನೋಡಿದರು. ಗೆರ್ಮರ್ ಪೇಟೆಂಟನ್ನು ಕಂಪನಿ 1,80,000 ಡಾಲರಿಗೆ ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಹಗಲಿರುಳು ನಡೆದ ಕಾರ್ಖಾನೆಗಳು ಅದನ್ನು ಎಲ್ಲೆಡೆ ಹರಡಿದವು. ಬೆಂಗಳೂರಿನಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಬಲ್ಬುಗಳ ಜೊತೆ ಟ್ಯೂಬ್‌ಲೈಟನ್ನೂ ತಯಾರಿಸುತ್ತಿತ್ತು. ಈಗ ಅದು ಮುಚ್ಚಿದೆ.

ಮುಪ್ಪು

ಟ್ಯೂಬಿನ ಆಯುಸ್ಸು ತುದಿಗಳ ಲೇಪದಲ್ಲಿದೆ. ಪ್ರತಿ ಸಲ ಹೊತ್ತಿಸುವಾಗಲೂ ಅದರ ಒಂದಿಷ್ಟು ಕಣ ಸಿಡಿದು ಗಾಜಿಗೆ ಅಂಟುತ್ತದೆ. ತುದಿಗಳು ಕಪ್ಪಾಗುವುದು ಇದರಿಂದ. ಪದೇ ಪದೇ ಹಾಕಿ ಆರಿಸುವ ಬಚ್ಚಲುಮನೆಯ ಟ್ಯೂಬ್, ರಾತ್ರಿಯಿಡೀ ಉರಿಯುವ ಬೀದಿಯ ಟ್ಯೂಬಿಗಿಂತ ಕಡಿಮೆ ಗಂಟೆ ಬಾಳುವುದೂ ಇದರಿಂದಲೇ. ಲೇಪ ತೀರಿದಾಗ ಸ್ಟಾರ್ಟರ್ ಮಾತ್ರ ಪ್ರಯತ್ನ ಬಿಡದೆ ಟ್ಯೂಬನ್ನು ಮಿಟುಕಿಸುತ್ತಲೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಚೋಕ್ ಕಾಯ್ದು ಹಾಳಾಗಬಹುದು.

ಪಾದರಸ ಮತ್ತು ನಿರ್ಗಮನ

ಹಳೆಯ ದಪ್ಪ ಟ್ಯೂಬುಗಳಲ್ಲಿ ಹತ್ತಾರು ಮಿಲಿಗ್ರಾಂ ಪಾದರಸ ಇರುತ್ತಿತ್ತು. ಹೊಸ ಸಪೂರ ಟ್ಯೂಬುಗಳಲ್ಲಿ ಮೂರರಿಂದ ಐದು ಮಿಲಿಗ್ರಾಂ. ಒಂದು ಟ್ಯೂಬಿನದು ಅಲ್ಪವೆನಿಸಿದರೂ ಕೋಟ್ಯಂತರ ಟ್ಯೂಬುಗಳು ಕಸದ ಗುಡ್ಡೆ ಸೇರಿದಾಗ ಅದು ಆವಿಯಾಗಿ ಗಾಳಿಗೆ, ಅಲ್ಲಿಂದ ನೀರಿಗೆ, ಮೀನಿಗೆ ಸೇರುತ್ತದೆ. ಪಾದರಸ ಬೆರೆತ ಮೀನು ತಿಂದು ಜಪಾನಿನ ಮಿನಾಮಾಟ ಊರಿನಲ್ಲಿ ಸಾವಿರಾರು ಜನ ನರರೋಗಕ್ಕೆ ತುತ್ತಾದರು. ಆ ಊರಿನ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಸ್ಥಿರೀಕರಿಸಿತು. ಸಾಮಾನ್ಯ ಬಳಕೆಯ ಹ್ಯಾಲೋಫಾಸ್ಫೇಟ್ ಟ್ಯೂಬುಗಳ ತಯಾರಿಕೆ, ಆಮದು, ರಫ್ತುಗಳಿಗೆ 2026, ತ್ರಿವರ್ಣ ಟ್ಯೂಬುಗಳಿಗೆ 2027 ಕೊನೆಯ ಗಡುವೆಂದು ಸದಸ್ಯ ರಾಷ್ಟ್ರಗಳು 2023ರಲ್ಲಿ ನಿರ್ಧರಿಸಿದವು. ಯೂರೋಪ್ ಒಕ್ಕೂಟ 2023ರಲ್ಲೇ ಹೊಸ ಮಾರಾಟ ನಿಲ್ಲಿಸಿತು. ಇದಕ್ಕೆ ಮೊದಲೇ ಎಲ್ಇಡಿ ದೀಪ ಅಗ್ಗವಾಗಿ, ಪಾದರಸವಿಲ್ಲದೆ, ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಬೆಳಕು ಕೊಡುತ್ತ ಮನೆಗಳಲ್ಲಿ ಟ್ಯೂಬಿನ ಜಾಗ ಹಿಡಿದಿತ್ತು.

ಹೊಸ ಟ್ಯೂಬ್ ಬರುವುದು ನಿಂತರೂ ಹಳೆಯವು ಅಟ್ಟದ ಮೇಲೆ, ಶಾಲೆಯ ಉಗ್ರಾಣದಲ್ಲಿ, ಅಂಗಡಿಯ ಮೂಲೆಯಲ್ಲಿ ಇನ್ನೂ ರಾಶಿಬಿದ್ದಿವೆ. ಅವನ್ನು ಒಡೆದು ತಿಪ್ಪೆಗೆ ಎಸೆಯಬಾರದು. ಭಾರತದ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸವಿರುವ ದೀಪಗಳೂ ಸೇರಿವೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಅವನ್ನು ಇಡಿಯಾಗಿ ಒಪ್ಪಿಸಬೇಕು. ಅಕಸ್ಮಾತ್ ಮನೆಯಲ್ಲಿ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದು ಹತ್ತು ಹದಿನೈದು ನಿಮಿಷ ಬಿಡಿ. ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಚೂರುಗಳನ್ನು ದಪ್ಪ ಕಾಗದದಿಂದ ಎತ್ತಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಇ-ತ್ಯಾಜ್ಯದ ಜೊತೆಗೇ ಕೊಡಿ.